ಮನೆಯನ್ನೇ ಎಳೆದುಕೊಂಡು ಹೊರಟವರು

ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಹೆತ್ತೂರಿನ ಶಾಲೆ ಮುಗಿಸಿಕೊಂಡು ಕಾರಿನಲ್ಲಿ ವಾಪಸು ಬರುತ್ತಿದ್ದೆ. ಫೋನು ಮೂರು ಸಲ ಬಡಿದುಕೊಂಡು ಸುಮ್ಮನಾಯಿತು. ನಾಲ್ಕನೆಯ ಸಲ ಬಡಿದುಕೊಂಡಾಗ ರಸ್ತೆ ಅಗಲವಾಗಿದ್ದ ಕಡೆ ಗಾಡಿ ಪಕ್ಕಕ್ಕೆ ಹಾಕಿ, ಗೇರು ತೆಗೆದು, ಹ್ಯಾಂಡ್ ಬ್ರೇಕ್ ಎಳೆದು, ಆಮೇಲೆ ಎತ್ತಿದೆ. ಹಾಗೇ ಮಾಡಬೇಕೆಂದು ನನಗೆ ಕಲಿಸಿದವರು ಅವರು. ಆ ಕಡೆಯಿಂದ ಅವರ ಯಜಮಾನರ ದನಿ. "ಟೀಚರಮ್ಮ, ಹೊರಟೋಗ್ಬುಟ್ಲು" ಅಂದರು. ಎಲ್ಲಿಗೆ ಎಂದು ಕೇಳುವುದಕ್ಕೆ ಬಾಯಿ ತೆರೆದಿದ್ದೆ. ಆ ಮಾತನ್ನು ಅವರ ಬಾಯಲ್ಲಿ ಕೇಳಿದಾಗಲೆಲ್ಲ ಇಷ್ಟು ವರ್ಷವೂ ನಾನು ಕೇಳುತ್ತಿದ್ದದ್ದು ಆ ಒಂದೇ ಪ್ರಶ್ನೆ.

ಸಕಲೇಶಪುರದಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದವರು ಅವರು. ನನಗೆ ಹೆತ್ತೂರು ಕಡೆಗೆ ವರ್ಗವಾಗಿ, ಬೆಳಗಿನ ಬಸ್ಸು ತಪ್ಪಿದರೆ ಮಧ್ಯಾಹ್ನದವರೆಗೆ ಗತಿಯಿಲ್ಲ ಅನ್ನುವಂತಾದಾಗ ಅವರ ಹತ್ತಿರ ಹೋದೆ. ಆಗ ನನಗೆ ಮೂವತ್ತೆಂಟು, ಅವರಿಗೆ ಐವತ್ತು ದಾಟಿತ್ತು. ಕೆಂಪು ಅಂಚಿನ ಕಾಟನ್ ಸೀರೆ, ಕಾಲಿಗೆ ಗಂಡಸರ ಕ್ಯಾನ್ವಾಸ್ ಶೂ, ಹಣೆಗೆ ವಿಭೂತಿ. ಮೊದಲ ದಿನವೇ, "ಮೇಷ್ಟ್ರಮ್ಮ, ನಿಮಗೆ ಬೈಯೋದು ಗೊತ್ತೈತೆ, ಬೈಸ್ಕೊಳ್ಳೋದು ಗೊತ್ತಿಲ್ಲ. ಇಲ್ಲಿ ಎರಡನೇದು ಕಲಿತೀರಿ" ಅಂದರು. ಕಲಿಸಿದರು ಕೂಡ.

ಅವರು ಕೂತದ್ದನ್ನು ನಾನು ಕಾರಿನೊಳಗೆ ಬಿಟ್ಟರೆ ಬೇರೆಲ್ಲೂ ನೋಡಿದ್ದು ಕಡಿಮೆ. ಕಾಫಿಯನ್ನು ನಿಂತೇ ಕುಡಿಯುತ್ತಿದ್ದರು. ಪೇಪರನ್ನು ಬಾಗಿಲಿಗೆ ಒರಗಿ ಓದುತ್ತಿದ್ದರು. ಮದುವೆ ಮನೆಯಲ್ಲಿ ಎಲೆ ಮುಂದೆ ಕೂತರೂ ಬಲಗಾಲು ಮೇಜಿನಡಿ ಇಲ್ಲದ ಬ್ರೇಕನ್ನು ಒತ್ತುತ್ತಲೇ ಇರುತ್ತಿತ್ತು. ಮೂವತ್ತು ವರ್ಷ ಅವರು ಓಡಾಡಿದ್ದು ಒಂದೇ ರಸ್ತೆ: ಹಳೇ ಬಸ್‌ಸ್ಟ್ಯಾಂಡಿನಿಂದ ಹೊರಟು ಹೇಮಾವತಿ ಸೇತುವೆ ದಾಟಿ, ಮೈದಾನದಲ್ಲಿ ಎಂಟು ಹಾಕಿಸಿ, ದೋಣಿಗಾಲಿನ ಏರು ಹತ್ತಿಸಿ ವಾಪಸು. ಏರಿನ ತುದಿಯಲ್ಲಿ, ಘಾಟಿ ಶುರುವಾಗುವ ಮುಂಚೆ, "ಸಾಕು, ತಿರುಗ್ಸಿ" ಅನ್ನಬೇಕಾಗುತ್ತಿತ್ತು. ಹಾಗೆ ಅನ್ನುವಾಗಲೆಲ್ಲ ಅವರ ಕಣ್ಣು ಮಾತ್ರ ಮುಂದಿನ ತಿರುವಿನ ಮೇಲಿರುತ್ತಿತ್ತು. ಒಮ್ಮೆ ನಾನು ಗಾಡಿ ತಿರುಗಿಸುತ್ತಿರುವಾಗ, "ಇಷ್ಟು ಜನಕ್ಕೆ ಹೋಗೋದು ಹೇಳ್ಕೊಟ್ಟೆ ಕಣೆ. ಎಲ್ಲರೂ ಹೋದ್ರು. ನಾನು ಇಲ್ಲೇ ತಿರುಗುಸ್ತಾ ಇದೀನಿ" ಅಂದರು. ಏಕವಚನಕ್ಕೆ ಇಳಿದದ್ದು ಅದೇ ಮೊದಲು. ನನಗೆ ಖುಷಿಯಾಯಿತು.

ಇನ್ನು ಅವರ ಯಜಮಾನರು. ಪೇಟೆ ಬೀದಿಯಲ್ಲಿ ಬಟ್ಟೆ ಅಂಗಡಿ, ತಂದೆಯ ಕಾಲದ್ದು. ಊರಿನವರೆಲ್ಲ ಸಾವ್ಕಾರ್ರು ಅನ್ನುತ್ತಿದ್ದರು. ಬೆಳಿಗ್ಗೆ ಸ್ನಾನ, ಲಿಂಗಪೂಜೆ ಮುಗಿಸಿ ಗಾದಿಯ ಮೇಲೆ ಕೂತರೆ ಏಳುವುದು ಊಟಕ್ಕೆ. ಹೋಟೆಲಿನಲ್ಲಿ ತಿನ್ನುವವರಲ್ಲ, ಪರರ ಮನೆಯ ಹಾಸಿಗೆಯಲ್ಲಿ ಮಲಗುವವರಲ್ಲ. ಮಾತೂ ಅಷ್ಟಕ್ಕಷ್ಟೆ. ಗಿರಾಕಿ ಹತ್ತು ಸೀರೆ ತೆಗೆಸಿ ನೋಡಿ ಎದ್ದು ಹೋದರೂ ಒಂದು ಮಾತಾಡದೆ ಹತ್ತನ್ನೂ ಮಡಿಸಿಡುತ್ತಿದ್ದರು. "ಇವಳ ಕಾಲಲ್ಲಿ ಚಕ್ರ ಐತೆ ಅಂತ ಜಾತಕ ನೋಡಿದೋರು ಮೊದಲೇ ಹೇಳಿದ್ರು" ಎಂದು ಹೆಂಡತಿಯ ಬಗ್ಗೆ ಒಮ್ಮೆ ನನ್ನೆದುರು ಹೇಳಿದ್ದರು. ಹೆಂಡತಿ ಒಳಗಿನಿಂದಲೇ, "ಇವರ ಕಾಲಿಗೆ ಬೇರು ಐತೆ ಅಂತ ನಮ್ಮಪ್ಪನಿಗೆ ಯಾರೂ ಹೇಳ್ಲಿಲ್ಲ" ಅಂದರು.

ಅರವತ್ತಾದಾಗ ಆಕೆ ಸ್ಕೂಲನ್ನು ತಮ್ಮ ಹತ್ತಿರ ಕಲಿತಿದ್ದ ಒಬ್ಬ ಹೆಂಗಸಿಗೆ ಬಿಟ್ಟುಕೊಟ್ಟು ಕರಾವಳಿಗೆ ಇಳಿದರು. ಅಲ್ಲಿ ಫೈಬರ್ ದೋಣಿ ಮಾಡುವ ಕಡೆ ಹದಿನೈದು ದಿನ ನಿಂತು (ನಿಂತೇ ಇದ್ದಿರಬೇಕು) ತಮಗೆ ಬೇಕಾದದ್ದನ್ನು ಮಾಡಿಸಿದರು. ಅವರ ಹಳೇ ಜೀಪು ಅದನ್ನು ಹಿಂದೆ ಕಟ್ಟಿಕೊಂಡು ಶಿರಾಡಿ ಘಾಟಿ ಹತ್ತಿ ಪೇಟೆ ಬೀದಿಗೆ ಬಂದಾಗ ಅಂಗಡಿಗಳೆಲ್ಲ ಖಾಲಿಯಾಗಿ ಜನ ರಸ್ತೆಗೆ ಬಂದರು. ಬೆಳ್ಳಗೆ, ಮೂಲೆಗಳಿಲ್ಲದೆ ಉರುಟಾಗಿ, ಎರಡು ಚಕ್ರದ ಮೇಲೆ ಒಂದು ಪುಟ್ಟ ಕೋಣೆ. ಅದಕ್ಕೊಂದು ಬಾಗಿಲು, ಮೂರು ಕಿಟಕಿ. "ಇದೇನಮ್ಮ, ಬೂದುಗುಂಬಳಕಾಯಿ ತಂದಿದೀರಿ" ಎಂದು ಹೂವಿನವಳು ಕೇಳಿದಳು. ಅಲ್ಲಿಂದ ಅದರ ಹೆಸರು ಬೂದುಗುಂಬಳವೇ ಆಯಿತು.

ಒಳಗೆ ಎರಡು ಬೆಂಚು, ನಡುವಿನ ಹಲಗೆ ಇಳಿಸಿದರೆ ಇಬ್ಬರು ಮಲಗುವಷ್ಟು ಮಂಚ. ಒಂದು ಒಲೆ, ಕೈ ತೊಳೆಯುವ ಬೋಗುಣಿ, ನೀರಿನ ಡಬ್ಬ. ಕಿಟಕಿಯ ಪಕ್ಕ ಎದೆಯೆತ್ತರಕ್ಕೆ ಒಂದು ಪುಟ್ಟ ಹಲಗೆ. ಅದು ಯಾತಕ್ಕೆಂದು ಕೇಳಿದೆ. "ಇವರ ಪೂಜೆಗೆ" ಅಂದರು. ಆಮೇಲೆ ಗಂಡನ ಕಡೆ ತಿರುಗಿ, "ಮನೆ ಬಿಟ್ಟು ಬರಲ್ಲ ಅಂತಿದ್ರಲ್ಲ. ಮನೇನೇ ತಂದಿದೀನಿ. ಈಗೇನಂತೀರಿ?" ಎಂದರು. ಸಾವ್ಕಾರ್ರು ಒಳಗೆ ಬಗ್ಗಿ ನೋಡಿದರು. ಆ ಹಲಗೆಯನ್ನು ಬೆರಳಿನಿಂದ ಒರೆಸಿದರು. "ನೋಡಾಣ" ಅಂದರು. ಅಷ್ಟೇ.

ಅರ್ಧ ತಾಲ್ಲೂಕಿಗೆ ರಿವರ್ಸ್ ಕಲಿಸಿದ್ದ ಆ ಹೆಂಗಸಿಗೆ ಆ ಗಾಡಿಯನ್ನು ರಿವರ್ಸ್ ತೆಗೆಯಲು ಬರಲಿಲ್ಲ. ಹಿಂದೆ ಕಟ್ಟಿದ ಗಾಡಿ ಬಲಕ್ಕೆ ಹೋಗಬೇಕಾದರೆ ಸ್ಟೇರಿಂಗ್ ಎಡಕ್ಕೆ ತಿರುಗಿಸಬೇಕು. ಮೂವತ್ತು ವರ್ಷದ ಕೈ ಅದಕ್ಕೆ ಒಪ್ಪಲಿಲ್ಲ. ಒಂದು ವಾರ ಬೆಳಿಗ್ಗೆ ಆರಕ್ಕೆಲ್ಲ ಮೈದಾನಕ್ಕೆ ಹೋಗಿ ಎರಡು ಕಲ್ಲುಗಳ ನಡುವೆ ಅದನ್ನು ಹಿಂದಕ್ಕೆ ತಳ್ಳಿದರು. ಅವರದೇ ಹಳೇ ವಿದ್ಯಾರ್ಥಿಗಳು, ಲಾರಿ ಓಡಿಸುವವರು, ಕಟ್ಟೆಯ ಮೇಲೆ ಕೂತು "ಕನ್ನಡಿ ನೋಡಿ ಮೇಡಂ, ಕನ್ನಡಿ!" ಎಂದು ಕೂಗಿ ಸೇಡು ತೀರಿಸಿಕೊಂಡರು. ಎಂಟನೆಯ ದಿನ ಒಂದೇ ಏಟಿಗೆ ಒಳಗೆ ಹೋಯಿತು. ಇಳಿದು ಬಂದು, "ಬೈಸ್ಕೊಳ್ಳೋದು ನಂಗೂ ಗೊತ್ತಿರ್ಲಿಲ್ಲ ಕಣೆ" ಅಂದರು.

ಗಂಡನನ್ನು ಕರೆದುಕೊಂಡು ಹೋದ ಮೊದಲ ಪ್ರಯಾಣ ಕುಂದೂರಿನ ಕಡೆಗೆ. ಪರಿಚಯದವರ ಹೊಲದ ಬದುವಿನಲ್ಲಿ ಗಾಡಿ ನಿಲ್ಲಿಸಿದರಂತೆ. ಸಾವ್ಕಾರ್ರು ಬೆಳಿಗ್ಗೆ ಎದ್ದು ಬಿಸಿನೀರು ಹುಯ್ದುಕೊಂಡು, ಹಲಗೆಯ ಮುಂದೆ ಪೂಜೆ ಮಾಡಿ, ಉಪ್ಪಿಟ್ಟು ತಿಂದು, ಎಲ್ಲ ಚೆನ್ನಾಗಿದೆ ಅಂದರಂತೆ. ಆಮೇಲೆ ಚೀಲ ಹೆಗಲಿಗೆ ಹಾಕಿಕೊಂಡು, "ಅಂಗಡಿ ಬಾಗ್ಲು ತೆಗೀಬೇಕು" ಎಂದು ರಸ್ತೆಗೆ ನಡೆದು ಆಲೂರಿನ ಬಸ್ಸು ಹತ್ತಿಬಿಟ್ಟರಂತೆ. "ಉಪ್ಪಿಟ್ಟಿನ ತಟ್ಟೆ ತೊಳೆದಿಟ್ಟು ಹೋಗ್ಬುಟ್ರು ಕಣೆ. ಜಗಳ ಆಡೋಕೂ ಏನೂ ಬಿಡ್ಲಿಲ್ಲ" ಎಂದು ಆಕೆ ನನಗೆ ಹೇಳಿ ನಕ್ಕರು. ಆ ನಗು ನನಗೆ ಸರಿಕಾಣಲಿಲ್ಲ.

ಅಲ್ಲಿಂದ ಮುಂದೆ ರಜೆ ಬಂತೆಂದರೆ ಅವರ ಜೊತೆ ಹೋಗುವವಳು ನಾನಾದೆ. ಸುಖದ ಪ್ರಯಾಣ ಎಂದು ಹೇಳಲಾರೆ. ಗಾಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಜೀಪಿನಿಂದ ಬಿಡಿಸಿ, ಒಲೆ ಹಚ್ಚಿ, ನಾನು ಉಸ್ಸೆಂದು ಕೂರುವ ಹೊತ್ತಿಗೆ ಅವರು ಲೋಟ ಹಿಡಿದು ಎದುರಿನ ಗುಡ್ಡ ನೋಡುತ್ತಿರುತ್ತಿದ್ದರು. "ಅದರ ಆ ಕಡೆ ಏನೈತೆ?" ಅನ್ನುತ್ತಿದ್ದರು. "ಇನ್ನೊಂದು ಗುಡ್ಡ" ಅಂದರೆ, "ನೋಡಿದೀಯಾ?" ಎಂದು ಕೇಳುತ್ತಿದ್ದರು. ಕಾಫಿ ಆರುವ ಮುಂಚೆ ಮತ್ತೆ ಕಲ್ಲು ತೆಗೆದು ಕೊಕ್ಕೆ ಹಾಕಬೇಕು. ಒಂದೇ ದಿನ ನಾಲ್ಕು ಕಡೆ ಕಲ್ಲು ಕೊಟ್ಟು ತೆಗೆದದ್ದೂ ಉಂಟು. "ಇಷ್ಟು ಚೆಂದದ ಜಾಗ, ಒಂದು ದಿನ ಇರೋಣ ಮೇಡಂ" ಎಂದು ಗೋಗರೆದರೆ, "ಜಾಗ ಇಲ್ಲೇ ಇರ್ತದೆ ಮಾರಾಯ್ತಿ, ಅದಕ್ಕೇನು ಕೆಲಸ" ಅನ್ನುತ್ತಿದ್ದರು.

ಅವರು ಒಂದೇ ಕಡೆ ಇಡೀ ಮಧ್ಯಾಹ್ನ ನಿಂತದ್ದನ್ನು ನಾನು ನೋಡಿದ್ದು ಒಮ್ಮೆ. ಪಾಳ್ಯದ ಹತ್ತಿರ ಗದ್ದೆಯ ಪಕ್ಕದಲ್ಲಿ. ನಾಟಿ ಮುಗಿಸಿ ಬರುತ್ತಿದ್ದ ಹೆಂಗಸೊಬ್ಬಳು ಮೊಣಕಾಲವರೆಗೆ ಕೆಸರಿನಲ್ಲಿ ಬಂದು, ಒಳಗೆ ನೋಡಬಹುದಾ ಎಂದು ಕೇಳಿದಳು. ಕಾಲು ತೊಳೆದು ಹತ್ತಿದಳು. ಕಿಟಕಿ ಮುಟ್ಟಿದಳು, ಮಂಚದ ಮೇಲೆ ಕೈ ಒತ್ತಿ ನೋಡಿದಳು. "ಈ ಬಾಗ್ಲು ಹಾಕ್ಕೊಂಡ್ರೆ ಹೊರಗಿಂದ ಯಾರಾದ್ರೂ ಕೂಗುದ್ರೆ ಕೇಳ್ತದಾ ಅಕ್ಕ?" ಎಂದು ಕೇಳಿದಳು.

"ಇಲ್ಲ" ಅಂದರು ಇವರು. ಕೇಳುತ್ತದೆ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

"ಹಂಗಾರೆ ಒಂದ್ ಗಳಿಗೆ ಒರಗ್ಲಾ?"

ಆಕೆ ಮೂರು ಗಂಟೆ ನಿದ್ದೆ ಮಾಡಿದಳು. ಇವರು ಬಾಗಿಲ ಹೊರಗೆ ಕಾವಲಿನವರ ಹಾಗೆ ಆ ಕಡೆಯಿಂದ ಈ ಕಡೆಗೆ ನಡೆದರು. ಗದ್ದೆಯಾಚೆಯಿಂದ ಯಾರೋ ಆಕೆಯ ಹೆಸರು ಹಿಡಿದು ಕೂಗಿದಾಗ ಓಡಿಹೋಗಿ, "ಇಲ್ಲೆಲ್ಲೂ ಇಲ್ಲ, ಆ ಕಡೆ ಹೋದ್ಲು" ಎಂದು ಕೈ ತೋರಿಸಿ ಬಂದರು. ಹಾಗೆ ಸುಳ್ಳು ಹೇಳಿ ಬಂದ ಮುಖದಲ್ಲಿ ಎಂಥ ಕಳೆಯಿತ್ತು! ಸಂಜೆ ಆಕೆ ಎದ್ದು ಹೋದ ಮೇಲೆ ಮಂಚದ ಹಲಗೆ ಎತ್ತಿಟ್ಟರು. "ನಾನು ಓಡಾಡೋಕೆ ಅಂತ ಇದನ್ನ ಮಾಡಿಸ್ದೆ. ಅವಳಿಗೆ ನಿಲ್ಲೋಕೆ ಬೇಕಿತ್ತು, ನೋಡು" ಅಂದರು. ಅದಾದ ಐದು ನಿಮಿಷಕ್ಕೆ ನಾವು ಮತ್ತೆ ರಸ್ತೆಯಲ್ಲಿದ್ದೆವು.

ಹೀಗೆ ಎರಡು ವರ್ಷ ಕಳೆಯಿತು. ಮೂರನೆಯ ವರ್ಷದ ಬೇಸಗೆ ರಜೆಯಲ್ಲಿ ಹೆತ್ತೂರಿನಿಂದ ಮುಂದೆ ಕಿರಿದಾದ ರಸ್ತೆಯಲ್ಲಿ ಹೋಗುತ್ತಿದ್ದೆವು. ಎಡಗಡೆ ತೋಟದ ಬೇಲಿಯ ಅಂಚಿನಲ್ಲಿ ಇಬ್ಬರು ಆಳು ಹೆಂಗಸರು ತಲೆಯ ಮೇಲೆ ಸೌದೆ ಹೊರೆ ಹೊತ್ತು ನಮ್ಮ ಕಡೆಗೇ ಬರುತ್ತಿದ್ದರು. ನನಗೆ ದೂರದಿಂದಲೇ ಕಂಡಿದ್ದರು. ಜೀಪು ಬಲಕ್ಕೆ ಸರಿಯಲಿಲ್ಲ, ನಿಧಾನವೂ ಆಗಲಿಲ್ಲ. ನಾನು ಕಿರುಚಿ ಸ್ಟೇರಿಂಗಿಗೆ ಕೈ ಹಾಕಿ ಎಳೆದೆ. ಹೆಂಗಸರು ಹೊರೆ ಎಸೆದು ಬೇಲಿಗೆ ಬಿದ್ದರು. ಜೀಪು ದಾಟಿತು, ಹಿಂದಿನ ಗಾಡಿ ಬಲಗಡೆಯ ಮೋರಿಯ ಕಲ್ಲಿಗೆ ಉಜ್ಜಿತು. ಫೈಬರ್ ಒಡೆಯುವ ಸದ್ದು, ಒಣ ತೆಂಗಿನ ಚಿಪ್ಪು ಮುರಿದ ಹಾಗೆ.

ಹೆಂಗಸರಿಗೆ ಏನೂ ಆಗಿರಲಿಲ್ಲ. ಒಬ್ಬಳ ಮೊಣಕೈ ತರಚಿತ್ತು. ಇವರು ಇಳಿದು ಅದಕ್ಕೆ ಔಷಧಿ ಹಚ್ಚಿದರು. "ಮಂಜು ಕಣಮ್ಮ, ಕಾಣ್ಲಿಲ್ಲ" ಅಂದರು. ಆ ಹೆಂಗಸು ಆಕಾಶ ನೋಡಿದಳು. ನಾನೂ ನೋಡಿದೆ. ಏಪ್ರಿಲ್ ತಿಂಗಳ ಹನ್ನೊಂದು ಗಂಟೆಯ ಬಿಸಿಲು.

ನಾನು ಜೀಪು ಹತ್ತಲಿಲ್ಲ. ರಸ್ತೆಯ ಮೇಲೇ ನಿಂತು ಕೇಳಿದೆ. ಮೊದಲು ಬೈದರು, ಆಮೇಲೆ ಹೇಳಿದರು. ಹಾಸನದ ಕಣ್ಣಿನ ಡಾಕ್ಟರು ಒಂದು ವರ್ಷದ ಹಿಂದೆಯೇ ಕಣ್ಣಿನೊಳಗೆ ಒತ್ತಡ ಜಾಸ್ತಿಯಾಗಿ ನರ ಸಾಯುತ್ತಿದೆ, ಹೋದದ್ದು ವಾಪಸು ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಿ ಎಂದಿದ್ದರಂತೆ. ಹನಿ ಔಷಧಿ ಹಾಕಿಕೊಳ್ಳುತ್ತಿದ್ದರು. ಯಾರಿಗೂ ಹೇಳಿರಲಿಲ್ಲ.

"ನೇರ ಎಲ್ಲ ಕಾಣ್ತದೆ ಕಣೆ. ಸೂಜಿಗೆ ದಾರ ಪೋಣಿಸ್ತೀನಿ. ಪಕ್ಕದಲ್ಲಿರೋದು ಮಾತ್ರ ಇಲ್ಲ. ಎಡಕ್ಕಂತೂ ಏನೂ ಇಲ್ಲ."

"ಬೀಗದ ಕೈ ಕೊಡಿ" ಅಂದೆ.

"ಇದೊಂದು ಸಲ ಮನೆವರೆಗೆ ಓಡುಸ್ತೀನಿ."

"ಕೊಡಿ ಮೇಡಂ."

ಕೊಟ್ಟರು. ಕೈಗೆ ಕೊಡಲಿಲ್ಲ, ಬಾನೆಟ್ಟಿನ ಮೇಲೆ ಇಟ್ಟರು. ಬೂದುಗುಂಬಳವನ್ನು ನಾನು ಎಳೆದದ್ದು ಅದೇ ಮೊದಲ ಸಲ. ಮನೆಯ ಮುಂದೆ ಇಳಿಯುವಾಗ, "ಅವರಿಗೆ ಹೇಳ್ಬೇಡ. ಹೇಳಿದ್ರೆ ನೀನು ನನ್ನ ಮನೆಗೆ ಬರ್ಬೇಡ" ಅಂದರು.

ಎರಡು ದಿನ ಯೋಚಿಸಿದೆ. ಇನ್ನೊಂದು ಬೀಗದ ಕೈ ಮನೆಯಲ್ಲಿರುತ್ತದೆ ಎಂದು ನನಗೆ ಗೊತ್ತಿತ್ತು, ಅವರು ಸುಮ್ಮನೆ ಕೂರುವವರಲ್ಲ ಎಂದೂ ಗೊತ್ತಿತ್ತು. ಮೂರನೆಯ ದಿನ ಅಂಗಡಿಗೆ ಹೋಗಿ ಸಾವ್ಕಾರ್ರಿಗೆ ಎಲ್ಲ ಹೇಳಿದೆ. ಅವರು ಒಂದು ಧೋತರ ಮಡಿಸುತ್ತಿದ್ದರು. ನಾನು ಮುಗಿಸುವವರೆಗೂ ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. "ಒಳ್ಳೇದಾಯ್ತು ಹೇಳಿದ್ದು" ಅಂದರು. ಅವರು ಇನ್ನೇನಾದರೂ ಹೇಳಿದ್ದರೆ ನನ್ನ ಎದೆಯ ಭಾರ ಇಳಿಯುತ್ತಿತ್ತು.

ಆ ಸಂಜೆಯೇ ಆಕೆಯ ಫೋನು ಬಂತು. "ನಿಂಗೆ ಓಡ್ಸೋದು ಕಲಿಸಬಾರ್ದಿತ್ತು" ಎಂದು ಇಟ್ಟುಬಿಟ್ಟರು. ಆಮೇಲೆ ಅವರು ನನ್ನ ಜೊತೆ ಮಾತಾಡಲಿಲ್ಲ. ಪೇಟೆಯಲ್ಲಿ ಎದುರು ಸಿಕ್ಕರೂ ತಲೆ ತಿರುಗಿಸಿಕೊಂಡು ಹೋದರು. ತಿರುಗಿಸಿಕೊಂಡರೋ, ನಾನು ಅವರ ಎಡಗಡೆಗೆ ಇದ್ದೆನೋ ಎಂದು ಮನೆಗೆ ಬಂದು ಎಷ್ಟೋ ಸಲ ಯೋಚಿಸಿದ್ದೇನೆ. ಮನೆಯಲ್ಲಿ ಅವರು ಹಜಾರದ ಈ ತುದಿಯಿಂದ ಆ ತುದಿಗೆ ನಡೆಯುತ್ತಾ ಇರುತ್ತಾರೆಂದು, ಗೋಡೆಗೆ ಭುಜ ತಾಗಿಸಿಕೊಳ್ಳುತ್ತಾರೆಂದು ಹೂವಿನವಳು ಹೇಳುತ್ತಿದ್ದಳು. ಬೂದುಗುಂಬಳ ಅಂಗಡಿಯ ಹಿಂದೆ ಟಾರ್ಪಾಲು ಹೊದ್ದು ನಿಂತಿತ್ತು. ನಾನು ಸರಿ ಮಾಡಿದ್ದೆ. ಆದರೂ ಆ ಟಾರ್ಪಾಲು ಕಂಡಾಗಲೆಲ್ಲ ಬೇರೆ ಬೀದಿ ಹಿಡಿದು ಹೋಗುತ್ತಿದ್ದೆ.

ಮಳೆಗಾಲ ಕಳೆದು ದೀಪಾವಳಿಯೂ ಮುಗಿದ ಮೇಲೆ ಒಂದು ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಮುಂದೆ ಜೀಪಿನ ಹಾರ್ನ್ ಕೇಳಿಸಿತು. ಗಾಬರಿಯಾಗಿ ಓಡಿ ಬಂದೆ. ಸ್ಟೇರಿಂಗಿನ ಹಿಂದೆ ಕೂತಿದ್ದವರು ಸಾವ್ಕಾರ್ರು. ಬಿಳಿ ಅಂಗಿ, ಹಣೆತುಂಬ ವಿಭೂತಿ, ಎರಡೂ ಕೈಯಲ್ಲಿ ಸ್ಟೇರಿಂಗನ್ನು ಬಿದ್ದುಹೋದೀತು ಎಂಬಂತೆ ಹಿಡಿದಿದ್ದರು. ಪಕ್ಕದಲ್ಲಿ ಆಕೆ.

"ಇಲ್ಲಿ ಬಂದು ನೋಡೆ ಇವರ ಕಥೆ!" ಎಂದು ಅಲ್ಲಿಂದಲೇ ಕೂಗಿದರು. ಏಳು ತಿಂಗಳ ನಂತರದ ಮೊದಲ ಮಾತು. "ಮಾಲು ತರ್ತೀನಿ ಅಂತ ಹೇಳಿ ವಾರಕ್ಕೆರಡು ದಿನ ಹಾಸನಕ್ಕೆ ಹೋಗಿ ಡ್ರೈವಿಂಗ್ ಕಲ್ತವ್ರೆ. ಬೇರೆ ಸ್ಕೂಲಲ್ಲಿ! ನಾನು ಬದುಕಿದ್ದಂಗೇನೇ! ಕ್ಲಚ್ ಮೇಲಿಂದ ಕಾಲೇ ತೆಗೆಯಲ್ಲ, ಯಾವ ಪುಣ್ಯಾತ್ಮ ಕಲಿಸಿದ್ನೋ."

ಸಾವ್ಕಾರ್ರು ನನ್ನ ಕಡೆ ನೋಡಿ ಸಣ್ಣಗೆ ಹೇಳಿದರು: "ಇವಳ ಹತ್ರ ಕಲಿಯೋಷ್ಟು ಧೈರ್ಯ ನಂಗಿರ್ಲಿಲ್ಲ ಟೀಚರಮ್ಮ. ಅಲ್ಲಿ ಎಲ್ಲ ಕಾಲೇಜು ಹುಡ್ಗೀರು, ನಾನೊಬ್ನೇ ಮುದುಕ. ಪಾಪ, ಯಾರೂ ನಗ್ಲಿಲ್ಲ."

ಅರವತ್ತಾರನೆಯ ವಯಸ್ಸಿನಲ್ಲಿ, ಮೂವತ್ತು ಚಿಲ್ಲರೆ ವರ್ಷ ಡ್ರೈವಿಂಗ್ ಸ್ಕೂಲಿನವಳ ಗಂಡನಾಗಿದ್ದೂ ಒಮ್ಮೆಯೂ ಸ್ಟೇರಿಂಗ್ ಮುಟ್ಟದ ಮನುಷ್ಯ ಕಲಿತುಬಂದಿದ್ದರು. ಆಕೆ ಬೈಯುತ್ತಲೇ ಇದ್ದರು. ಕಣ್ಣು ಒರೆಸಿಕೊಳ್ಳಲೂ ಇಲ್ಲ, ನೀರು ಇಳಿಯಲು ಬಿಟ್ಟು ಬೈಯುತ್ತಿದ್ದರು. ಕೊನೆಗೆ ನನ್ನ ಕೈ ಹಿಡಿದು, "ಕಾಫಿ ಕೊಡ್ತೀಯೋ ಇಲ್ವೋ?" ಅಂದರು. ನಮ್ಮ ರಾಜಿ ಅಷ್ಟರಲ್ಲೇ ಮುಗಿಯಿತು. ಕಾಫಿ ನಿಂತೇ ಕುಡಿದರು.

ಒಡೆದಿದ್ದ ಫೈಬರಿಗೆ ತೇಪೆ ಹಾಕಿಸಿದರು. ಆಮೇಲೆ ಎರಡು ವರ್ಷ, ಅಂಗಡಿಗೆ ಬೀಗ ಹಾಕಿ, ಮೊದಲು ಸೋಮವಾರ ಮಾತ್ರ, ಆಮೇಲೆ ವಾರಗಟ್ಟಲೆ, ಇಬ್ಬರೂ ಹೋದರು. ಅವರ ಹಿಂದೆ ಸಾಲುಗಟ್ಟಿದ ಬಸ್ಸುಗಳು ಹಾರ್ನ್ ಹೊಡೆಯುವಷ್ಟು ನಿಧಾನ. ನಾನು ಜೊತೆಗೆ ಹೋಗಲಿಲ್ಲ. ಕರೆದರು, ಹೋಗಲಿಲ್ಲ. ಒಂದು ಕಡೆ ಕೂರಲಾರದವರೂ ಮಾತೇ ಆಡದವರೂ ಆ ಪುಟ್ಟ ಜೀಪಿನಲ್ಲಿ ಇಡೀ ದಿನ ಹೇಗೆ ಕಳೆಯುತ್ತಾರೆಂದು ಮಾತ್ರ ನನಗೆ ಕುತೂಹಲವಿತ್ತು.

ಹೋದ ತಿಂಗಳು, ಮಧ್ಯಾಹ್ನ ಊಟ ಬಡಿಸುತ್ತಾ ಇದ್ದ ಆಕೆ ಎದೆ ಹಿಡಿದುಕೊಂಡು ಗೋಡೆಗೆ ಒರಗಿದರಂತೆ. ಆಸ್ಪತ್ರೆಗೆ ಹೋಗುವಷ್ಟು ಹೊತ್ತೂ ಇರಲಿಲ್ಲ. ನಾನು ಹೋದಾಗ ಅವರ ಪದ್ಧತಿಯಂತೆ ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಹೂವು, ಮಡಿಚಿದ ಕಾಲು. ಕೂರಿಸಿಯೇ ಮಣ್ಣು ಮಾಡುತ್ತಾರೆ. ಅಷ್ಟು ಹೊತ್ತು ಅಲುಗದೆ ಅವರು ಕೂತದ್ದನ್ನು ನೋಡಲಾಗದೆ ನಾನು ಹೊರಗೆ ಬಂದೆ. ಬೀದಿಯುದ್ದಕ್ಕೂ ಜೀಪು, ಆಟೋ, ಲಾರಿ. ಅವರ ಹತ್ತಿರ ಕಲಿತವರೆಲ್ಲ ಬಂದಿದ್ದರು. ಒಂದು ಗಾಡಿಯೂ ಅಡ್ಡಾದಿಡ್ಡಿಯಾಗಿ ನಿಂತಿರಲಿಲ್ಲ.

ಕಾರ್ಯ ಎಲ್ಲ ಮುಗಿದ ಮೇಲೆ ಸಾವ್ಕಾರ್ರನ್ನು ನೋಡಿ ಬರಲು ಹೋದೆ. "ಬನ್ನಿ, ಆಲೂರಿನವರೆಗೆ ಒಂದು ಸುತ್ತು ಹೋಗ್ಬರಾಣ. ಬ್ಯಾಟರಿ ಇಳಿದೋಗ್ತದೆ" ಎಂದು ಅವರೇ ಎದ್ದರು. ಬೂದುಗುಂಬಳ ಜೀಪಿಗೆ ಕಟ್ಟಿಯೇ ಇತ್ತು. ನಾನು ಆಕೆ ಕೂರುತ್ತಿದ್ದ ಎಡಗಡೆಯ ಸೀಟಿನಲ್ಲಿ ಕೂತೆ.

ಊರು ದಾಟಿತು. ಆಮೇಲೆ, ರಸ್ತೆಯ ಮೇಲಿನ ಕಣ್ಣು ತೆಗೆಯದೆ, ಮೆಲ್ಲಗೆ ಶುರು ಮಾಡಿದರು. "ಎಡಕ್ಕೆ ಮೆಣಸು ಒಣಗ್ಸವ್ರೆ. ಒಬ್ಳು ಮುದುಕಿ ಕೋಲು ಹಿಡ್ಕೊಂಡು ಕೋಳಿ ಓಡುಸ್ತಾವ್ಳೆ... ಈಗ ಗದ್ದೆ ಬಂತು. ಕುಯ್ಲು ಆಗೈತೆ. ಮೂರು ಎಮ್ಮೆ, ಒಂದು ಮಲಗೈತೆ... ಇಲ್ಲೊಂದು ಹೊಸ ಮನೆ, ನೀಲಿ ಬಣ್ಣ ಹೊಡ್ದವ್ರೆ, ಚೆನ್ನಾಗಿಲ್ಲ."

ಅವರು ಒಟ್ಟಿಗೆ ಇಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಎರಡು ವರ್ಷ ಆ ಇಬ್ಬರ ನಡುವೆ ಏನು ನಡೆದಿತ್ತು ಎಂದು ಆಗ ತಿಳಿಯಿತು. ನನಗೆ ಎಲ್ಲ ಕಾಣುತ್ತದೆ ಎಂದು ಹೇಳಲು ನಾಲಿಗೆ ಏಳಲಿಲ್ಲ.

"ಕೆರೆ ಬಂತು. ನೀರು ತಳ ಕಂಡೈತೆ. ಅಂಚಲ್ಲಿ ಒಂದು ಕೊಕ್ಕರೆ ನಿಂತೈತೆ, ಒಂಟಿ ಕಾಲಲ್ಲಿ" ಅಂದರು.

ನಾನು ಕಣ್ಣು ಮುಚ್ಚಿಕೊಂಡು, "ಹೂಂ, ಆಮೇಲೆ?" ಅಂದೆ.